ನಾನಿಲ್ಲದಿದ್ದರೆ

"ನಾನೊಬ್ಬಳು ಇಲ್ಲದಿದ್ದರೆ ಈ ಮನೆ ಒಂದು ದಿನವೂ ನಡೆಯೋದಿಲ್ಲ" ಎಂದು ಒಮ್ಮೆಯಾದರೂ ಹೇಳದ ಹೆಂಗಸನ್ನು ನಾನು ಕಂಡಿಲ್ಲ. ನೀವೂ ಹೇಳಿರುತ್ತೀರಿ. ಈ ಮಾತಿಗೆ ಎರಡು ಮುಖ. ಮೈಕೈ ನೋವಿನಲ್ಲಿ ಹೇಳಿದಾಗ ಅದು ದೂರು. ತವರಿನಿಂದ ವಾಪಸು ಬಂದು, ಒಲೆಯ ಮೇಲೆ ಉಕ್ಕಿ ಸೀದುಹೋದ ಹಾಲಿನ ಕಲೆ ನೋಡಿ ಹೇಳಿದಾಗ ಅದು ಹೆಮ್ಮೆ. ಹೆಚ್ಚಿನ ಸಲ ಎರಡೂ ಬೆರೆತೇ ಇರುತ್ತವೆ. ದೂರೆಷ್ಟು, ಹೆಮ್ಮೆಯೆಷ್ಟು ಎಂಬುದು ಹೇಳುವವಳಿಗೂ ತಿಳಿದಿರುವುದಿಲ್ಲ.

ಇದೇ ಮಾತನ್ನು ಒಂದು ಯಂತ್ರದ ಬಗ್ಗೆ ಹೇಳಿದರೆ ಅದು ಯಂತ್ರಕ್ಕೆ ಹೊಗಳಿಕೆಯಾಗುವುದಿಲ್ಲವಂತೆ. ಅದನ್ನು ಜೋಡಿಸಿದವರಿಗೆ ಬೈಗುಳವಾಗುತ್ತದಂತೆ. ಹೀಗೆಂದು ನನಗೆ ತಿಳಿಸಿಕೊಟ್ಟವಳು ನನ್ನ ಮಗಳು.

ಅವಳು ದಾವಣಗೆರೆಯಲ್ಲೇ ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದವಳು. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದಳು. ಮುಂದೆ ಒಂದೂವರೆ ವರ್ಷ ಮಹಡಿಯ ಕೋಣೆಯೇ ಅವಳ ಆಫೀಸಾಯಿತು. ನಮ್ಮ ಶಾಲೆಯೂ ಬಹಳ ದಿನ ಮುಚ್ಚಿತ್ತಾದ್ದರಿಂದ ಅವಳ ಫೋನಿನ ಮಾತುಗಳು ದಿನವೂ ನನ್ನ ಕಿವಿಗೆ ಬೀಳುತ್ತಿದ್ದವು. "ಕ್ಲಸ್ಟರ್ ಡೌನ್ ಆಗಿದೆ" ಎಂದು ಅವಳು ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಶಿಕ್ಷಣ ಇಲಾಖೆಯ ಕ್ಲಸ್ಟರು, ಅದರ ಸಿ.ಆರ್.ಪಿ.ಯವರು. ಇನ್ನೊಂದು ದಿನ "ಅದನ್ನು ಕಿಲ್ ಮಾಡ್ರಿ, ಇನ್ನೊಂದು ಎದ್ದೇಳುತ್ತೋ ಇಲ್ಲೋ ನೋಡೋಣ" ಎಂದಳು. ಮೆಟ್ಟಿಲ ಮೇಲೆ ಬಟ್ಟೆ ಒಣಹಾಕಲು ಹೋಗುತ್ತಿದ್ದ ಪಕ್ಕದ ಮನೆಯವರು ಅಲ್ಲೇ ನಿಂತುಬಿಟ್ಟರು.

ಕೊನೆಗೆ ನಾನೇ ಕೇಳಿದೆ, "ಅದೇನು ಕೆಲಸವೇ ನಿಂದು, ದಿನಾ ಕೆಡಿಸೋದು?" "ಹೌದಮ್ಮ, ಕೆಡಿಸೋದೇ ಕೆಲಸ" ಎಂದು ನಕ್ಕಳು.

ಅವಳು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಬಿ.ಎ., ಬಿ.ಎಡ್. ಮಾಡಿ ಸಮಾಜ ವಿಜ್ಞಾನ ಪಾಠ ಮಾಡುವವಳ ತಿಳಿವಳಿಕೆ ಇದು. ಬ್ಯಾಂಕುಗಳ, ಫೋನ್ ಕಂಪನಿಗಳ ಲೆಕ್ಕಪತ್ರ ಈಗ ಎಷ್ಟು ಬೆಳೆದಿದೆಯೆಂದರೆ ಎಂಥ ದೊಡ್ಡ ಕಂಪ್ಯೂಟರಾದರೂ ಒಂದೇ ಆದರೆ ಸಾಲದು. ಆದ್ದರಿಂದ ಸಾಧಾರಣ ಯಂತ್ರಗಳನ್ನೇ ನೂರಾರು, ಸಾವಿರಾರು ಸಂಖ್ಯೆಯಲ್ಲಿ ತಂತಿಯಿಂದ ಜೋಡಿಸಿ, ಕೆಲಸವನ್ನು ಚೂರು ಚೂರು ಮಾಡಿ ಎಲ್ಲಕ್ಕೂ ಒಟ್ಟಿಗೆ ಹಂಚುತ್ತಾರೆ. ಆ ಗುಂಪಿಗೇ ಕ್ಲಸ್ಟರ್ ಎಂದು ಹೆಸರು. ಗುಂಪಿನ ಒಂದೊಂದು ಯಂತ್ರ ಒಂದೊಂದು ನೋಡ್. ಹೊಸದಾಗಿ ಜೋಡಿಸಿದ ಕ್ಲಸ್ಟರನ್ನು ಪರೀಕ್ಷಿಸಲು ಮೊದಲು ಕೊಡುವ ಲೆಕ್ಕ ಬಹಳ ಸರಳ: ಒಂದು ದೊಡ್ಡ ಪಠ್ಯದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವುದು. ನಮ್ಮ ಎಂಟನೇ ತರಗತಿಯ ಮಕ್ಕಳಿಗೆ ಪುಸ್ತಕದ ಒಂದೊಂದು ಹಾಳೆ ಹಂಚಿ, ಪದಗಳನ್ನು ಎಣಿಸಿ ಚೀಟಿ ಬರೆಯಿರಿ ಎನ್ನುವುದು. ಆಮೇಲೆ 'ಮನೆ' ಎಂಬ ಚೀಟಿಗಳನ್ನೆಲ್ಲ ಒಬ್ಬನು, 'ನೀರು' ಎಂಬ ಚೀಟಿಗಳನ್ನೆಲ್ಲ ಇನ್ನೊಬ್ಬನು ಕೂಡಿಹಾಕುವುದು. ಇಷ್ಟೇ. ಗೂಗಲ್ ಸಂಸ್ಥೆಯ ಜೆಫ್ರಿ ಡೀನ್ ಮತ್ತು ಸಂಜಯ್ ಘೇಮಾವತ್ ಎಂಬಿಬ್ಬರು 2004ರಲ್ಲಿ ಈ ಹಂಚುವ, ಕೂಡಿಸುವ ಪದ್ಧತಿಯನ್ನು 'ಮ್ಯಾಪ್‌ರೆಡ್ಯೂಸ್' ಎಂಬ ಹೆಸರಿನಲ್ಲಿ ಬರೆದು ಪ್ರಕಟಿಸಿದರು. ಅದನ್ನು ನೋಡಿ ಎಲ್ಲರೂ ಉಚಿತವಾಗಿ ಬಳಸಬಹುದಾದ 'ಹಡೂಪ್' ಎಂಬ ತಂತ್ರಾಂಶ 2006ರಲ್ಲಿ ಬಂತು. ಹಡೂಪ್ ಎಂದರೆ ಏನೂ ಅರ್ಥವಿಲ್ಲ. ಅದನ್ನು ಕಟ್ಟಿದ ಡಗ್ ಕಟಿಂಗ್ ಎಂಬಾತನ ಪುಟ್ಟ ಮಗ ತನ್ನ ಹಳದಿ ಬಣ್ಣದ ಆಟಿಕೆಯ ಆನೆಗೆ ಇಟ್ಟ ಹೆಸರದು.

ಬೆಂಗಳೂರಿಗೆ ಇದು ಹೊಸದೇನಲ್ಲ. ಅಲ್ಲಿಯ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು 1986ರಲ್ಲೇ ಸಣ್ಣ ಸಣ್ಣ ಸಂಸ್ಕಾರಕಗಳನ್ನು ಜೋಡಿಸಿ 'ಫ್ಲೋಸಾಲ್ವರ್' ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿದ್ದರು. ಪುಣೆಯ ಸಿ-ಡ್ಯಾಕ್‌ನ 'ಪರಮ್ 8000' ಬಂದದ್ದು 1991ರಲ್ಲಿ. ಅಮೆರಿಕದವರು ತಮ್ಮ ದೊಡ್ಡ ಯಂತ್ರ ಕೊಡಲು ಹಿಂದೆಮುಂದೆ ನೋಡಿದ ಕಾಲ ಅದು. ದೊಡ್ಡದೊಂದು ಸಿಗದಿದ್ದರೆ ಸಣ್ಣವು ಹತ್ತಾರು ಸೇರಿ ಮಾಡಲಿ ಎಂಬ ಬಡವರ ಉಪಾಯವೇ ಆಮೇಲೆ ಶ್ರೀಮಂತರ ರಾಜಮಾರ್ಗವಾಯಿತು.

ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕಾಲಕ್ಕೆ ನಮ್ಮ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಒಂದೊಂದು ಹತ್ತಿ ಗಿರಣಿ ಬಾಗಿಲು ಹಾಕಿದಾಗಲೂ ಸಾಲು ಸಾಲು ಮನೆಗಳ ಒಲೆ ಆರಿದ್ದನ್ನು ನಾವು ಕಂಡಿದ್ದೇವೆ. ಆದರೆ ಮಂಡಕ್ಕಿ ಭಟ್ಟಿಗಳು ನೂರಾರಿವೆ. ಇವತ್ತು ಯಾರದೋ ಭಟ್ಟಿಯಲ್ಲಿ ಸೂತಕವೆಂದು ಬೆಂಕಿ ಹಾಕದಿದ್ದರೆ ಊರಿನ ಮಂಡಕ್ಕಿ, ಮಿರ್ಚಿಗೆ ಯಾವ ಕೊರತೆಯೂ ಆಗುವುದಿಲ್ಲ. ಬೆಂಕಿ ಹಾಕಿಲ್ಲವೆಂದು ಊರಿಗೆ ಗೊತ್ತೂ ಆಗುವುದಿಲ್ಲ.

ಮಗಳ ವಿದ್ಯೆಯಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ನಂಬಿಕೆ. ಯಂತ್ರ ಕೆಟ್ಟೇ ಕೆಡುತ್ತದೆ ಎಂದು ಅವರು ಮೊದಲೇ ಒಪ್ಪಿಕೊಂಡುಬಿಡುತ್ತಾರೆ. ಸಾವಿರ ಯಂತ್ರಗಳಿರುವಲ್ಲಿ ದಿನಕ್ಕೊಂದು ಕೈಕೊಡುವುದು ಆಶ್ಚರ್ಯವಲ್ಲ. ಅದಕ್ಕಾಗಿ ಹಡೂಪಿನಲ್ಲಿ ಪ್ರತಿಯೊಂದು ತುಣುಕಿನ ಮೂರು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಡುವುದು ರೂಢಿ. ಪ್ರತಿಯೊಂದು ಯಂತ್ರವೂ ಮೂರು ಸೆಕೆಂಡಿಗೊಮ್ಮೆ "ಇದ್ದೇನೆ" ಎಂದು ಮೇಲಿನವರಿಗೆ ಸುದ್ದಿ ಕಳಿಸಬೇಕು. ಇದಕ್ಕೆ ಹಾರ್ಟ್‌ಬೀಟ್, ಎದೆಬಡಿತ ಎಂದೇ ಹೆಸರು. ಸುಮಾರು ಹತ್ತೂವರೆ ನಿಮಿಷ ಬಡಿತ ಕೇಳದಿದ್ದರೆ ಆ ಯಂತ್ರ ಸತ್ತಿದೆ ಎಂದು ಬರೆದುಕೊಂಡು, ಅದರಲ್ಲಿದ್ದ ತುಣುಕುಗಳಿಗೆ ಬೇರೆ ಕಡೆ ಹೊಸ ಪ್ರತಿ ಮಾಡಿಡುತ್ತಾರೆ. ಯಾಕೆ ಕೆಟ್ಟಿತು, ಯಾರ ತಪ್ಪು ಎಂಬ ಮಾತೇ ಬರುವುದಿಲ್ಲ. ಆ 2004ರ ಬರಹದಲ್ಲಿ ಒಂದು ಪರೀಕ್ಷೆಯ ವಿವರವಿದೆ. ಒಂದು ದೊಡ್ಡ ಲೆಕ್ಕ ನಡೆಯುತ್ತಿರುವಾಗ 1746 ಕೆಲಸಗಾರರಲ್ಲಿ 200ನ್ನು ಬೇಕೆಂದೇ ನಿಲ್ಲಿಸಿದರಂತೆ. ಕೆಲಸಗಾರರೆಂದರೆ ಇಲ್ಲಿ ಯಂತ್ರದೊಳಗೆ ಓಡುವ ತಂತ್ರಾಂಶ, ಗಾಬರಿಯಾಗಬೇಡಿ. ಲೆಕ್ಕ ಮುಗಿಯಲು ಹಿಡಿದ ಸಮಯ ಬರೀ ಶೇಕಡಾ 5ರಷ್ಟು ಹೆಚ್ಚಾಯಿತು.

ಇದನ್ನು ಕೇಳಿದಾಗ ನನಗೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ನೆನಪಾಯಿತು. ಅಲ್ಲಿ ಉತ್ತರಪತ್ರಿಕೆಗಳ ಕಟ್ಟು ಟೇಬಲ್ಲಿಂದ ಟೇಬಲ್ಲಿಗೆ ಹಂಚಿಕೆಯಾಗುತ್ತದೆ. ಒಂದು ವರ್ಷ ನನ್ನ ಪಕ್ಕದಲ್ಲಿದ್ದ ಮೇಡಂ ಒಬ್ಬರಿಗೆ ಮಧ್ಯಾಹ್ನದ ಹೊತ್ತಿಗೆ ಬಿ.ಪಿ. ಏರಿ ಮನೆಗೆ ಕಳಿಸಬೇಕಾಯಿತು. ಅವರ ಅರ್ಧ ಕಟ್ಟು ಮೂರನೆಯ ಟೇಬಲ್ಲಿಗೆ ಹೋಯಿತು, ಸಂಜೆಯೊಳಗೆ ಮುಗಿಯಿತು. ಮರುದಿನ ಬಂದು ಅವರು ಕೇಳಿದ ಮೊದಲ ಪ್ರಶ್ನೆ, "ನನ್ನ ಕಟ್ಟು ಏನಾಯಿತು?" "ಆಗೋಯ್ತು ಮೇಡಂ, ಆರಾಮ ಕೂತ್ಕೊಳ್ರಿ" ಎಂದರು. ಅವರ ಮುಖದಲ್ಲಿ ನೆಮ್ಮದಿ ಕಂಡಿತು. ಜೊತೆಗೆ ಇನ್ನೊಂದು ಭಾವವೂ ಕಂಡಿತು. ಅದಕ್ಕೆ ಹೆಸರು ಕೊಡಲು ಆಗ ನನಗೆ ಬರಲಿಲ್ಲ. ನನ್ನ ಬದಲಿಗೆ ಇನ್ನೊಬ್ಬರು ಸಿಗುತ್ತಾರೆ ಎಂಬುದು ಬಿಡುಗಡೆಯೋ ಅವಮಾನವೋ? ನನ್ನನ್ನು ಕಾಡಿದ ಪ್ರಶ್ನೆ ಇದು. ಮಗಳ ಕ್ಲಸ್ಟರಿನಲ್ಲಿ ಇದಕ್ಕೆ ಉತ್ತರ ಸುಲಭ. ಯಂತ್ರಕ್ಕೆ ಮಾನವೂ ಇಲ್ಲ, ಅವಮಾನವೂ ಇಲ್ಲ.

ಆದರೆ ಆ ಕ್ಲಸ್ಟರಿನಲ್ಲೂ ಒಂದು ಯಂತ್ರ ಬಹಳ ಕಾಲ ಒಂಟಿಯಾಗಿತ್ತು. ಅದರ ಹೆಸರು ನೇಮ್‌ನೋಡ್. ಈ ಯಂತ್ರದಲ್ಲಿ ಸಾಮಾನು ಏನೂ ಇರುವುದಿಲ್ಲ. ಯಾವ ಸಾಮಾನು ಎಲ್ಲಿದೆ ಎಂಬ ಅರಿವು ಮಾತ್ರ ಇರುತ್ತದೆ. ಒಂದು ಕಡತದಲ್ಲಿ ಎಷ್ಟು ತುಣುಕುಗಳಿವೆ, ಯಾವುದರ ನಂತರ ಯಾವುದು ಎಂಬುದನ್ನೆಲ್ಲ ಬಲ್ಲದ್ದು ಅದೊಂದೇ. ಅದು ಕೆಟ್ಟರೆ ಉಳಿದ ಸಾವಿರ ಯಂತ್ರಗಳು ಗಟ್ಟಿಯಾಗಿದ್ದರೂ, ತುಣುಕುಗಳೆಲ್ಲ ಇದ್ದಲ್ಲೇ ಇದ್ದರೂ ಏನೂ ಉಪಯೋಗವಿಲ್ಲ. ಇಡೀ ಕ್ಲಸ್ಟರ್ ಬಾಯಿ ಕಟ್ಟಿದಂತೆ ಕೂರುತ್ತದೆ.

ಮಗಳು ಇಷ್ಟು ಹೇಳಿ ಕಾಫಿ ಲೋಟ ಎತ್ತಿಕೊಂಡು ಮಹಡಿ ಹತ್ತಿದಳು. ನನಗೆ ಹರಿಹರದ ಮನೆ ನೆನಪಾಯಿತು.

ನನ್ನ ತಂದೆ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿದ್ದರು. 1941ರಲ್ಲಿ ಶುರುವಾಗಿ, ಲೇತ್ ಯಂತ್ರಗಳಿಗೆ ಹೆಸರಾಗಿ, ಈಗ ಮುಚ್ಚಿಹೋಗಿರುವ ಕಾರ್ಖಾನೆ ಅದು. ಅಪ್ಪನದು ಪಾಳಿಯ ಕೆಲಸ. ಪಾಳಿ ಮುಗಿದರೆ ಇನ್ನೊಬ್ಬರು ಬಂದು ಅದೇ ಯಂತ್ರದ ಮುಂದೆ ನಿಲ್ಲುತ್ತಿದ್ದರು, ಅಪ್ಪ ಸೈಕಲ್ ಹತ್ತುತ್ತಿದ್ದರು. ಮನೆಯಲ್ಲಿ ಅವ್ವನಿಗೆ ಪಾಳಿ ಎಂಬುದಿರಲಿಲ್ಲ. ಬೀರುವಿನ ಬೀಗದಕೈ ಅವಳ ಸೊಂಟದಲ್ಲಿ, ಉಳಿದದ್ದೆಲ್ಲ ಅವಳ ತಲೆಯಲ್ಲಿ. ಹಾಲಿನವನಿಗೆ ಎಷ್ಟು ದಿನದ ಬಾಕಿ, ಚೀಟಿ ದುಡ್ಡು ಯಾವ ತಿಂಗಳು ಬರುತ್ತದೆ, ರೇಷನ್ ಕಾರ್ಡು ಯಾವ ಟ್ರಂಕಿನ ತಳದಲ್ಲಿದೆ, ಮನೆಯ ಕಾಗದಪತ್ರ ಯಾವ ಸೀರೆಯ ಮಡಿಕೆಯಲ್ಲಿದೆ ಎಂಬುದು ಅವಳಿಗೆ ಮಾತ್ರ ಗೊತ್ತು. ಎಲ್ಲಕ್ಕಿಂತ ಹೆಚ್ಚಾಗಿ ಮುಯ್ಯಿಯ ಲೆಕ್ಕ. ನನ್ನ ಮದುವೆಯಲ್ಲಿ, ಅಣ್ಣನ ಮದುವೆಯಲ್ಲಿ ಯಾರು ಸೀರೆ ಕೊಟ್ಟರು, ಯಾರು ಪಾತ್ರೆ ಕೊಟ್ಟರು, ಅದರಲ್ಲಿ ಯಾವುದು ನಾವು ಹಿಂದೆ ಕೊಟ್ಟದ್ದಕ್ಕೆ ತೀರಿಸಿದ್ದು, ಯಾವುದು ನಾವು ಮುಂದೆ ತೀರಿಸಬೇಕಾದದ್ದು ಎಂಬುದನ್ನು ಅವಳು ಒಂದು ಚೂರು ಕಾಗದದಲ್ಲೂ ಬರೆದಿರಲಿಲ್ಲ.

1998ರಲ್ಲಿ ಅವ್ವನಿಗೆ ಲಕ್ವ ಹೊಡೆಯಿತು. ಆಗ ಐವತ್ತೆರಡು ವರ್ಷ. ಈಗಿನ ನನ್ನ ವಯಸ್ಸೂ ಆಗಿರಲಿಲ್ಲ. ಜೀವ ಉಳಿಯಿತು, ಬಲಗೈ ಹೋಯಿತು, ಮಾತು ಹೋಯಿತು. ಕಣ್ಣು ಮಾತ್ರ ಎಲ್ಲವನ್ನೂ ಹೇಳಲು ಹವಣಿಸುತ್ತಿತ್ತು. ನಾವು ಟ್ರಂಕು ತೋರಿಸಿ "ಇದಾ ಅವ್ವಾ?", ಡಬ್ಬಿ ತೋರಿಸಿ "ಇದರಾಗಾ?" ಎಂದು ಕೇಳುವುದು, ಅವಳು ರೆಪ್ಪೆ ಮುಚ್ಚುವುದು. ಒಂದು ವಾರ ಇದೇ ನಡೆಯಿತು. ಮನೆಯಲ್ಲಿ ಯಾವುದೂ ಕಳೆದಿರಲಿಲ್ಲ, ಯಾವುದೂ ಸಿಗುತ್ತಲೂ ಇರಲಿಲ್ಲ.

ಆಮೇಲೆ ನಾವು ಯಾರೂ ಎಣಿಸದಿದ್ದ ಒಂದು ಸಂಗತಿ ನಡೆಯಿತು. ಓಣಿಯ ಹೆಂಗಸರು ಒಬ್ಬೊಬ್ಬರೇ ಬರತೊಡಗಿದರು. "ನಿಮ್ಮ ಅವ್ವ ನನಗೆ ಇನ್ನೂರು ರೂಪಾಯಿ ಕೊಟ್ಟಿದ್ರು, ಅಪ್ಪಾರಿಗೆ ಗೊತ್ತಿಲ್ಲ" ಎಂದು ಒಬ್ಬರು ಸೆರಗಿನ ಗಂಟು ಬಿಚ್ಚಿ ಕೊಟ್ಟರು. ಇನ್ನೊಬ್ಬರ ಮನೆಯಲ್ಲಿ ನಮ್ಮ ಹಿತ್ತಾಳೆಯ ಕೊಳಗವಿತ್ತು. ಮೂರನೆಯವರು ಬಂದು, ತಮ್ಮ ಮಗಳ ಮದುವೆಗೆ ಅವ್ವ ಕೊಟ್ಟ ಸೀರೆಗೆ ತಾವು ಇನ್ನೂ ಮುಯ್ಯಿ ತೀರಿಸಿಲ್ಲವೆಂದು ತಾವಾಗಿಯೇ ಹೇಳಿಹೋದರು. ಹೀಗೆ ಅವ್ವನ ಲೆಕ್ಕದ ಎಷ್ಟೋ ಭಾಗ ಹೊರಗಿನಿಂದ ನಮಗೆ ವಾಪಸು ಬಂತು. ಅಲ್ಲಿಯವರೆಗೆ ಮನೆಯಲ್ಲಿ ಹೊಸದೇನನ್ನೂ ಮಾಡಲು ಅಪ್ಪ ಒಪ್ಪಲಿಲ್ಲ. ಗೋಡೆಗೆ ಸುಣ್ಣ ಹೊಡೆಸುವುದನ್ನೂ ನಿಲ್ಲಿಸಿದರು.

ಇಪ್ಪತ್ತೆರಡು ವರ್ಷದ ನಂತರ ನಾನು ಇದನ್ನೆಲ್ಲ ಹೇಳಿದಾಗ ಮಗಳು ಎದ್ದು ಕೂತಳು. "ಅಮ್ಮ, ಅದೇ ಬ್ಲಾಕ್ ರಿಪೋರ್ಟು!" ನಿಂತ ನೇಮ್‌ನೋಡ್ ಮತ್ತೆ ಏಳುವಾಗ ಪ್ರತಿಯೊಂದು ಯಂತ್ರವೂ "ನನ್ನ ಹತ್ತಿರ ಇಂತಿಂಥ ತುಣುಕಿದೆ" ಎಂದು ತಾನೇ ವರದಿ ಒಪ್ಪಿಸುತ್ತದಂತೆ. ಸಾವಿರಕ್ಕೆ 999 ತುಣುಕುಗಳ ಸುದ್ದಿ ಬರುವವರೆಗೆ ಹೊಸದಾಗಿ ಏನನ್ನೂ ಬರೆಯಲು ಬಿಡುವುದಿಲ್ಲವಂತೆ. ಅದಕ್ಕೆ ಸೇಫ್ ಮೋಡ್ ಎನ್ನುತ್ತಾರೆ. ಅಪ್ಪ ಸುಣ್ಣ ಹೊಡೆಸಲು ಬಿಡದಿದ್ದದ್ದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆ ಎಂದು ತಿಳಿದು ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಒಂದೇ ವ್ಯತ್ಯಾಸ. ಯಂತ್ರ ವರದಿ ಕೊಡುವುದು ಅದಕ್ಕೆ ಹಾಗೆ ಆಜ್ಞೆಯಿರುವುದರಿಂದ. ಆ ಹೆಂಗಸರು ಬರದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಇನ್ನೊಬ್ಬ ಹೆಂಗಸಿದ್ದಳಲ್ಲ, ಅವಳಿಗೇನೂ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಅತ್ತಿಗೆ ಬಂದು ಆಗಲೇ ಆರು ವರ್ಷವಾಗಿತ್ತು. ಊರಿನವರ ಕಣ್ಣಿಗೆ ಅವ್ವನ ನಂತರ ಅವಳೇ. "ಆರು ವರ್ಷದಾಗೆ ಒಂದು ದಿನಾನೂ ಆ ಬೀಗದಕೈ ನನ್ನ ಕೈಗೆ ಬಂದಿಲ್ಲ ನೋಡು" ಎಂದು ಅವಳು ಅಡಿಗೆಮನೆಯಲ್ಲಿ ನನ್ನೊಬ್ಬಳಿಗೇ ಹೇಳಿದಳು. ಹಡೂಪಿನಲ್ಲೂ ಇಂಥದೊಂದು ಇತ್ತಂತೆ. 'ಸೆಕೆಂಡರಿ ನೇಮ್‌ನೋಡ್' ಎಂದು ಅದಕ್ಕೆ ಹೆಸರು. ಹೆಸರು ಕೇಳಿದವರು ಮೊದಲನೆಯದು ಕೆಟ್ಟರೆ ಇದು ನಿಲ್ಲುತ್ತದೆ ಎಂದುಕೊಳ್ಳಬೇಕು. ನಿಜದಲ್ಲಿ ಅದರ ಕೆಲಸ ಯಜಮಾನಿಯ ಚಿಲ್ಲರೆ ಲೆಕ್ಕಗಳನ್ನು ಆಗಾಗ ಒಟ್ಟುಮಾಡಿ ಕೊಡುವುದಷ್ಟೇ. ಯಜಮಾನಿಕೆ ಅದಕ್ಕೆ ಬರುವಂತಿರಲಿಲ್ಲ. ಹೊಸದಾಗಿ ಕೆಲಸ ಕಲಿಯುವ ಹುಡುಗರು ಈ ಹೆಸರಿನಿಂದ ಮೋಸಹೋಗುತ್ತಾರೆಂದು ಮಗಳು ನಗುತ್ತಿದ್ದಳು. ಹೊಸದಾಗಿ ಮದುವೆಯಾದ ಹುಡುಗಿಯರೂ ಹಾಗೆಯೇ ಹೋಗುತ್ತಾರೆ. 2013ರ ಹೊತ್ತಿಗೆ ಬಂದ ಎರಡನೆಯ ಆವೃತ್ತಿಯಲ್ಲಿ ಈ ಕೊರತೆ ನೀಗಿತು. ಯಜಮಾನಿಯ ಪಕ್ಕದಲ್ಲಿ ಎಲ್ಲವನ್ನೂ ಬಲ್ಲ ಇನ್ನೊಂದು ನೇಮ್‌ನೋಡ್ ಸದಾ ಸಿದ್ಧವಾಗಿ ನಿಂತಿರುವಂತೆ ಮಾಡಿದರು. ನನ್ನ ಮಗಳು ಬೇಕೆಂದೇ ಕೆಡಿಸುತ್ತಿದ್ದದ್ದು ಇದನ್ನೇ. ಮೊದಲನೆಯದನ್ನು ನಿಲ್ಲಿಸಿ, ಎರಡನೆಯದು ಅಧಿಕಾರ ವಹಿಸಿಕೊಳ್ಳುತ್ತದೆಯೇ ಎಂದು ಗಡಿಯಾರ ಹಿಡಿದು ನೋಡುವುದು. ಪರೀಕ್ಷೆ ಮಾಡದ ಬದಲಿ ಇದ್ದೂ ಇಲ್ಲದಂತೆ ಎಂಬುದು ಅವಳ ವಾದ.

"ಅಜ್ಜಿ ಅತ್ತೆಗೆ ಎಲ್ಲಾ ಹೇಳಿಕೊಟ್ಟಿರಬೇಕಿತ್ತು. ತಪ್ಪು ಅಜ್ಜಿದೇ" ಎಂದಳು ಮಗಳು. ಅವಳಿಗೆ ನನ್ನ ಅತ್ತಿಗೆ ಸೋದರತ್ತೆ.

ಇಲ್ಲಿ ನನಗೂ ಅವಳಿಗೂ ಮಾತಿಗೆ ಮಾತು ಬೆಳೆಯಿತು. ಮೇಲೆ ನೋಡಿದರೆ ಅವಳು ಹೇಳಿದ್ದೇ ಸರಿ. ಅವ್ವ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರೆ, ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ ಆ ಒಂದು ವಾರದ ಕಷ್ಟವಿರುತ್ತಿರಲಿಲ್ಲ. ಸ್ವಾರ್ಥ ಎಂದೂ ಹೇಳಬಹುದು. ಅತ್ತೆಯರನ್ನು ಸ್ವಾರ್ಥಿಗಳೆಂದು ಕರೆಯುವುದು ನಮ್ಮ ಕಥೆ ಕಾದಂಬರಿಗಳಿಗೂ ಧಾರಾವಾಹಿಗಳಿಗೂ ಬಹಳ ಸುಲಭದ ಕೆಲಸ. ಆದರೆ ಅವ್ವನ ಹತ್ತಿರ ಬೇರೆ ಏನಿತ್ತು ಎಂದು ಲೆಕ್ಕ ಹಾಕಿ ನೋಡಿ. ಮನೆ ಅಪ್ಪನ ಹೆಸರಿನಲ್ಲಿ. ಸಂಬಳ ಅಪ್ಪನದು, ಪಿ.ಎಫ್. ಅಪ್ಪನದು. ತವರಿನ ಹೊಲ ಸೋದರಮಾವಂದಿರದು. ಮೈಮೇಲಿನ ಬಂಗಾರದಲ್ಲಿ ಅರ್ಧ ನನ್ನ ಮದುವೆಗೆ ಹೋಗಿತ್ತು. ಅವಳದೆಂದು ಉಳಿದದ್ದು ಒಂದೇ: ಈ ಮನೆಯ ಲೆಕ್ಕ ತನಗೊಬ್ಬಳಿಗೇ ಗೊತ್ತು ಎಂಬುದು. ಅದನ್ನು ಬರೆದು ಕೈಗೆ ಕೊಟ್ಟ ಮರುದಿನ ಅವಳನ್ನು ಯಾರು ಕೇಳುತ್ತಿದ್ದರು? ಮೂಲೆಯ ಮಂಚದ ಮೇಲೆ ಕೂರಿಸಿ ಹೊತ್ತಿಗೆ ಊಟ ಕೊಡುತ್ತಿದ್ದರು, ಅದೂ ಒಳ್ಳೆಯ ಮನೆಯಾದ್ದರಿಂದ. ಹಾಗೆ ಕೂತ ಎಷ್ಟೋ ಜನ ಅಜ್ಜಿಯರನ್ನು ಅವ್ವ ಓಣಿಯಲ್ಲಿ ದಿನಾ ನೋಡುತ್ತಿದ್ದಳು.

ಯಂತ್ರಕ್ಕೆ ಬದಲಿ ಇಟ್ಟರೆ ಯಂತ್ರ ಏನನ್ನೂ ಕಳೆದುಕೊಳ್ಳುವುದಿಲ್ಲ. ನನಗೂ ಹೆಚ್ಚೇನು ನಷ್ಟವಿಲ್ಲ. ನಾನು ರಜೆ ಹಾಕಿದರೆ ಇನ್ನೊಬ್ಬ ಮೇಡಂ ನನ್ನ ತರಗತಿಗೆ ಹೋಗುತ್ತಾರೆ, ತಿಂಗಳ ಕೊನೆಗೆ ನನ್ನ ಸಂಬಳ ನನ್ನ ಖಾತೆಗೆ ಬರುತ್ತದೆ. ಮೌಲ್ಯಮಾಪನದ ಆ ಮೇಡಂ ನೆಮ್ಮದಿಪಟ್ಟದ್ದೂ ಇದರಿಂದಲೇ ಇರಬೇಕು. ಕಟ್ಟು ಹೋದರೂ ಅವರ ನೌಕರಿ ಹೋಗಲಿಲ್ಲ. ಕಾಲಿನ ಕೆಳಗೆ ಬೇರೆ ನೆಲವಿದ್ದವರಿಗೆ ಬದಲಿ ಸಿಗುವುದೆಂದರೆ ವಿಶ್ರಾಂತಿ. ಅದಿಲ್ಲದವರಿಗೆ ಅದೇ ಬೀದಿ. ಆದ್ದರಿಂದ "ಎಲ್ಲಾ ಬರೆದಿಡಿ, ಸೊಸೆಗೆ ಕಲಿಸಿ, ಅಂಟಿಕೊಂಡು ಕೂರಬೇಡಿ" ಎಂದು ಹೆಂಗಸರಿಗೆ ಬುದ್ಧಿ ಹೇಳುವ ಮೊದಲು, ಬರೆದುಕೊಟ್ಟ ಮೇಲೆ ಅವಳ ಹೆಸರಿನಲ್ಲಿ ಏನು ಉಳಿಯುತ್ತದೆ ಎಂದು ಕೇಳುವುದು ನ್ಯಾಯ. ಅದನ್ನು ಕೇಳದೆ ಬೀಗದಕೈ ಮಾತ್ರ ಕೇಳಿದರೆ ಅದು ಕಸಿದುಕೊಳ್ಳುವುದು.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಮ್ಮ ಆಫೀಸಿನಲ್ಲೂ ಹಂಗೇ ಮಾಡ್ತಾರಮ್ಮ" ಎಂದಳು. ಕ್ಲಸ್ಟರನ್ನು ಹೇಗೆ ಜೋಡಿಸಿದೆ, ಯಾವ ಅಂಕಿ ಯಾಕೆ ಹಾಕಿದೆ ಎಂಬುದನ್ನು ಬರೆದಿಡಬೇಕೆಂದು ನಿಯಮವಿದೆಯಂತೆ. ಆದರೆ ಕೆಲವರು ಬರೆಯುವುದಿಲ್ಲ. ತನಗೊಬ್ಬನಿಗೇ ಗೊತ್ತಿದ್ದರೆ ಕೆಲಸದಿಂದ ತೆಗೆಯಲು ಕಂಪನಿ ಹಿಂಜರಿಯುತ್ತದೆ ಎಂಬ ಲೆಕ್ಕ. ನೋಡಿ, ಸಾವಿರ ಯಂತ್ರಗಳಲ್ಲಿ ಯಾವೊಂದೂ ಅನಿವಾರ್ಯವಾಗದಂತೆ ಜೋಡಿಸಿಕೊಟ್ಟವನು ತನ್ನನ್ನು ಮಾತ್ರ ಅನಿವಾರ್ಯ ಮಾಡಿಕೊಂಡು ಕೂತಿರುತ್ತಾನೆ. ಅವನಿಗೂ ಅವ್ವನಿಗೂ ಸೊಂಟದ ಬೀಗದಕೈಯಷ್ಟೇ ವ್ಯತ್ಯಾಸ. ಅವನನ್ನು ಯಾರೂ ಧಾರಾವಾಹಿಯಲ್ಲಿ ತೋರಿಸುವುದಿಲ್ಲ.

ಕ್ಲಸ್ಟರಿನ ಇನ್ನೊಂದು ನಡತೆಯನ್ನೂ ಹೇಳಬೇಕು, ಅದು ನನಗೆ ಹಿಡಿಸಲಿಲ್ಲ. ಕೆಟ್ಟ ಯಂತ್ರವನ್ನು ದೂರದ ಅವರು ನಿಧಾನದ ಯಂತ್ರವನ್ನು ಮಾತ್ರ ಕಾಯುವುದಿಲ್ಲ. ಕೆಲಸ ಮುಗಿಯುತ್ತ ಬಂದಾಗ ಯಾವುದಾದರೂ ಹಿಂದೆ ಉಳಿದಿದ್ದರೆ ಅದೇ ಕೆಲಸವನ್ನು ಇನ್ನೊಂದಕ್ಕೂ ಕೊಡುತ್ತಾರೆ. ಯಾವುದು ಮೊದಲು ಮುಗಿಸುತ್ತದೋ ಅದರದ್ದನ್ನು ತೆಗೆದುಕೊಳ್ಳುತ್ತಾರೆ, ಇನ್ನೊಂದನ್ನು ನಡುವೆಯೇ ನಿಲ್ಲಿಸುತ್ತಾರೆ. ಹೀಗೆ ಮಾಡದಿದ್ದಾಗ ಒಂದು ಲೆಕ್ಕಕ್ಕೆ ಶೇಕಡಾ 44ರಷ್ಟು ಹೆಚ್ಚು ಹೊತ್ತು ಹಿಡಿಯಿತೆಂದು ಅದೇ 2004ರ ಬರಹ ಹೇಳುತ್ತದೆ. ಲೆಕ್ಕಕ್ಕೆ ಅದು ಸರಿಯೇ ಇರಬಹುದು. ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಒಂದೊಂದೇ ಅಕ್ಷರ ಬರೆಯುವ ಹುಡುಗಿಯ ಪುಸ್ತಕವನ್ನು ಕಸಿದು, "ಬಿಡು, ಪಕ್ಕದವಳು ಬರೆದಳು" ಎನ್ನಲು ನನಗೆ ಮೂವತ್ತು ವರ್ಷದಲ್ಲಿ ಬಂದಿಲ್ಲ, ಇನ್ನು ಬರುವುದೂ ಬೇಡ. ಅಲ್ಲಿ ಬೇಕಾದದ್ದು ಉತ್ತರ. ಇಲ್ಲಿ ಬೇಕಾದದ್ದು ಬರೆಯುವ ಹುಡುಗಿ.

ಹಾಗಾದರೆ ಇಬ್ಬರೂ ಬಲ್ಲವರಾಗಿದ್ದರೆ ಎಲ್ಲ ಸರಿಹೋಗುತ್ತದೆಯೇ? ಅಲ್ಲೂ ಒಂದು ತೊಡಕಿದೆ. ನಡುವಿನ ತಂತಿ ಕೆಟ್ಟು ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಲುಪದಿದ್ದರೆ ಎರಡು ನೇಮ್‌ನೋಡುಗಳೂ ತಾನೇ ಯಜಮಾನಿ ಎಂದು ಆಜ್ಞೆ ಹೊರಡಿಸಬಹುದು. ಇದಕ್ಕೆ 'ಸ್ಪ್ಲಿಟ್ ಬ್ರೇನ್' ಎನ್ನುತ್ತಾರೆ. ಒಂದೇ ಅಡಿಗೆಮನೆಯಲ್ಲಿ ಇಬ್ಬರು ಉಪ್ಪು ಹಾಕಿದಂತೆ. ಅದಕ್ಕಾಗಿ ಸಣ್ಣದೊಂದು ಪಂಚಾಯ್ತಿ ಇಟ್ಟಿರುತ್ತಾರೆ. ಮೂರೋ ಐದೋ ಯಂತ್ರಗಳು ಸೇರಿ, ಈಗ ಯಾರ ಅಧಿಕಾರ ಎಂದು ಬಹುಮತದಿಂದ ತೀರ್ಮಾನಿಸುತ್ತವೆ. ಸೋತದ್ದರ ಕೈಯನ್ನು ಮೊದಲು ಕಟ್ಟಿಹಾಕಿ ಆಮೇಲೆ ಗೆದ್ದದ್ದಕ್ಕೆ ಅಧಿಕಾರ ಕೊಡುತ್ತಾರೆ. ನಮ್ಮ ಹರಿಹರದ ದೇವರಿಗೆ ಈ ಪಂಚಾಯ್ತಿ ಬೇಕಾಗಲಿಲ್ಲ. ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಒಬ್ಬರಿಂದಾಗದ ಗುಹಾಸುರನ ಸಂಹಾರಕ್ಕೆ ಇಬ್ಬರೂ ಒಂದೇ ದೇಹವಾದರೆಂದು ಸ್ಥಳಪುರಾಣ. ಹೊಯ್ಸಳ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಗುಡಿ ಕಟ್ಟಿಸಿದ. ಎಂಟುನೂರು ವರ್ಷದಿಂದ ಇಬ್ಬರೂ ಜಗಳವಿಲ್ಲದೆ ನಿಂತಿದ್ದಾರೆ. ದೇವರಿಗೆ ಸಾಧ್ಯ, ಅಲ್ಲದೆ ಆ ಮೂರ್ತಿಯಲ್ಲಿ ಎಡಕ್ಕೂ ಬಲಕ್ಕೂ ಸಮಪಾಲು ಸಿಕ್ಕಿದೆ.

ಸಮಪಾಲಿನ ಮಾತು ಬಂದದ್ದರಿಂದ ಈಗಿನ ವಿಷಯ ಹೇಳಿಬಿಡುತ್ತೇನೆ. ಅವ್ವ 2001ರಲ್ಲಿ ಹೋದಳು, ಅಪ್ಪ 2016ರಲ್ಲಿ ಹೋದರು. ಮನೆ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ಈಗ ಅತ್ತಿಗೆ ಅವ್ವನ ಜಾಗದಲ್ಲಿದ್ದಾಳೆ. ಅವಳು ಹುಷಾರಿ. ಮುಯ್ಯಿಯಿಂದ ಹಿಡಿದು ಗ್ಯಾಸಿನವರೆಗೆ ಎಲ್ಲವನ್ನೂ ನೂರು ಪುಟ್ಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಅಣ್ಣನ ಮಗನಿಗೆ ಈ ವರ್ಷ ಮದುವೆಯಾಯಿತು. ಹೊಸ ಸೊಸೆ ಬಂದು ತಿಂಗಳಾಗುವುದರೊಳಗೆ ಅಣ್ಣ, "ಆ ಪುಸ್ತಕ ಅವಳಿಗೆ ಕೊಟ್ಟು ನೀನು ಆರಾಮ ಇರು" ಎಂದನಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾನೆ. ಅತ್ತಿಗೆ ನನಗೆ ಫೋನು ಮಾಡಿ, "ಕೊಡಾಕೆ ನನಗೇನೂ ಬ್ಯಾಸರಿಲ್ಲವಾ, ಕೊಟ್ಟಮ್ಯಾಗೆ ನಾನು ಯಾರು?" ಎಂದಳು.

ಕಳೆದ ತಿಂಗಳು ಅಣ್ಣ ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಂಡು ದಾವಣಗೆರೆಗೆ ಬಂದಿದ್ದ. ನಾನು ನನ್ನ ಪಾಲು ಬಿಟ್ಟುಕೊಟ್ಟರೆ ಮನೆ ಅವನ ಹೆಸರಿಗಾಗುತ್ತದೆ. ನನಗೆ ಆ ಮನೆಯ ಆಸೆಯಿಲ್ಲ, ಬಿಡುವುದಾಗಿ ಎಂದೋ ಹೇಳಿದ್ದೆ. ಆದರೆ ಪೆನ್ನು ಕೈಗೆ ಕೊಟ್ಟಾಗ ಒಂದು ಮಾತು ಹೇಳಿದೆ: "ಅಣ್ಣಾ, ಖಾತೆ ನಿನ್ನೊಬ್ಬನ ಹೆಸರಿಗೆ ಬೇಡ. ಅತ್ತಿಗೆ ಹೆಸರೂ ಸೇರಿಸಿ ಜಂಟಿ ಮಾಡಿಸು. ನನ್ನ ಪಾಲು ಅವಳಿಗೆ ಹೋದಂಗಾಗಲಿ. ಆಮೇಲೆ ನೋಟ್‌ಬುಕ್ ಸೊಸೆಗೆ ಕೊಡು ಅಂತ ಕೇಳು." ಅವನು ಬೇಸರ ಮಾಡಿಕೊಳ್ಳಲಿಲ್ಲ, ಒಪ್ಪಲೂ ಇಲ್ಲ. ಬೆಣ್ಣೆ ದೋಸೆ ತಿಂದು, ಮೊಮ್ಮಕ್ಕಳಾಗುವ ಮಾತಾಡಿ, ಹರಿಹರದ ಬಸ್ಸು ಹತ್ತಿದ. ಸಹಿ ಮಾಡದ ಪತ್ರ ನನ್ನ ಬೀರುವಿನಲ್ಲಿದೆ. ಫೋನು ಮಾಡಿದಾಗಲೆಲ್ಲ "ನೋಡೋಣ ಬಿಡು" ಎನ್ನುತ್ತಾನೆ.